ನೀರಿನಲ್ಲಿ ಗುಳ್ಳೆ ಬಿಟ್ಟ ಟೈಟಾನಿಯಂ

ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಚೊಚ್ಚಲ ಹೆರಿಗೆಗೆಂದು ಔರಾದಿನ ತವರಿಗೆ ಹೊರಡುವಾಗ ನನ್ನ ಕೈಗೆ ಅವಳ ಲ್ಯಾಬಿನ ಕುಲುಮೆಯ ಒಂದು ಉದ್ದನೆಯ ಸಲಾಕೆ ಕೊಟ್ಟಳು. ಅದರ ಮೈಮೇಲೆ ಒಂದು ಕಡೆ ಕೆಂಪು ನೇಲ್‌ಪಾಲಿಶಿನ ಉಂಗುರವಿತ್ತು.

"ಅಕ್ಕಾ, ಈ ಕೆಂಪು ಗುರುತು ನಳಗಿ ಬಾಯಿಗಿ ಬರೋತನಕ ದೂಡ್ರಿ. ಆಗ ದೋಣಿ ಬರೋಬರಿ ಕುಲುಮಿ ನಡಕ್ಕ ಹೋಗಿ ಕುಂಡ್ರತದ. ಹೆಚ್ಚು ಬ್ಯಾಡ, ಕಮ್ಮಿ ಬ್ಯಾಡ."

ನೇಲ್‌ಪಾಲಿಶ್ ಅವಳ ಮದುವೆಯ ಕಾಲದ್ದು. ಪೆನ್ಸಿಲ್ ಗೆರೆ ಅಳಿಸಿಹೋಗುತ್ತದೆಂದು ಅದನ್ನು ಹಚ್ಚಿದ್ದಳಂತೆ. ಉಂಗುರದ ಅಂಚು ಸ್ವಲ್ಪವೂ ಅಂಕುಡೊಂಕಾಗಿರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಕೈ ಹಿಡಿದು ಶಹಬ್ಬಾಸ್ ಎನ್ನುತ್ತಿದ್ದರು.

ಅವಳು ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಜೊತೆಗೆ ಪಿಎಚ್‌ಡಿಯ ಕೆಲಸ. ನಾನು ಬೀದರಿನ ಚಿದ್ರಿಯಲ್ಲಿ ಮನೆ ನೋಡಿಕೊಂಡಿರುವವಳು. ಮದುವೆಗೆ ಮುಂಚೆ ಓದಿದ್ದ ಬಿಎಸ್ಸಿ ಕೆಮಿಸ್ಟ್ರಿ, ನನ್ನ ಮಟ್ಟಿಗೆ, ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಯಾಕೆ ಎಂದು ತಿಳಿಯುವಷ್ಟಕ್ಕೆ ಉಳಿದಿತ್ತು. ಆದರೆ ನುಣ್ಣನೆಯ ಲೋಹದ ಪುಡಿಯ ಹತ್ತಿರ, ಆಮ್ಲದ ಹತ್ತಿರ ಬಸುರಿ ಸುಳಿಯಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅವಳ ವಿದ್ಯಾರ್ಥಿಗಳಿಗೆ ಪರೀಕ್ಷೆ, ಸಹಾಯಕ್ಕೆ ಬರುವಂತಿರಲಿಲ್ಲ. ಅವಳ ಲೇಖನವನ್ನು ಸಂಶೋಧನಾ ಪತ್ರಿಕೆಯವರು ತಿದ್ದಿ ಕಳಿಸಿರೆಂದು ಹಿಂದಿರುಗಿಸಿದ್ದರು, ಹೆಚ್ಚಿನ ಶಾಖದಲ್ಲಿ ಏನಾಗುತ್ತದೆ ತೋರಿಸಿ ಎಂದು ಕೇಳಿದ್ದರು. ಲೇಖನ ಅಚ್ಚಾಗದೆ ಪ್ರಬಂಧ ಒಪ್ಪಿಸುವಂತಿಲ್ಲ. ಪ್ರಬಂಧದ ಗಡುವೋ ಅವಳ ಹೆರಿಗೆಯ ದಿನದ ಬೆನ್ನಿಗೇ ನಿಂತಿತ್ತು. ಅದು ತಪ್ಪಿದರೆ ಇಷ್ಟು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿ ಮಾಡಿದ್ದೆಲ್ಲ ನೀರುಪಾಲು. ಹಾಗಾಗಿ ವಿಭಾಗದ ಮುಖ್ಯಸ್ಥರನ್ನು ಕೇಳಿ, ನನ್ನನ್ನು ಸಹಾಯಕಿ ಎಂದು ಬರೆಸಿದಳು.

ಹೊರಡುವ ಮುಂಚೆ ಅವಳು ಹೇಳಿಕೊಟ್ಟದ್ದು ಇಷ್ಟು. ಟೈಟಾನಿಯಂ ಪುಡಿಗೆ ಒಂದಿಷ್ಟು ಬೋರಾನ್ ಕಾರ್ಬೈಡ್ ಪುಡಿ ಬೆರೆಸಬೇಕು. ಮೊದಲನೆಯದು ಬೂದಿ ಬಣ್ಣ, ಎರಡನೆಯದು ಸುರುಮದಂತೆ ಕಪ್ಪು. ಬೆರೆಸಿದ್ದನ್ನು ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ, ಗಾಳಿ ಸೋಕದಂತೆ ಆರ್ಗಾನ್ ಹರಿಸುತ್ತ ಕುಲುಮೆಯಲ್ಲಿ ಕಾಯಿಸಬೇಕು. ಕರಗಿಸುವುದಲ್ಲ, ಕಣಕ್ಕೆ ಕಣ ಬೆಸೆದುಕೊಳ್ಳುವಷ್ಟು ಕಾಯಿಸುವುದು. ಆಗ ಕಪ್ಪು ಪುಡಿ ಟೈಟಾನಿಯಂ ಜೊತೆ ಕೂಡಿ, ಒಳಗೇ ಸಣ್ಣ ಸಣ್ಣ ಸೂಜಿಗಳಾಗಿ ಬೆಳೆಯುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದಂತೆ ಆ ಸೂಜಿಗಳೇ ಲೋಹಕ್ಕೆ ಬಲ.

"ಶಾಖ ಕಮ್ಮಿ ಆದ್ರ ಕಪ್ಪು ಪುಡಿ ಹಂಗೇ ಕುಂತಿರ್ತದ, ನಡು ನಡು ತೂತು ಉಳೀತಾವ. ಹೆಚ್ಚಾದ್ರ ಸೂಜಿ ದಪ್ಪ ಆಗ್ತಾವ, ಲೋಹದ ಕಣನೂ ದಪ್ಪ ಆಗ್ತಾವ, ಬಗ್ಗೋ ಬದ್ಲಿ ಲಟಕ್ಕಂತ ಮುರೀತದ. ಎಲ್ಲಿ ನಿಲ್ಲಬೇಕು ಅನ್ನೋದೇ ನನ್ನ ಪಿಎಚ್‌ಡಿ ಅಕ್ಕಾ."

"ಶಿರಾದ ಪಾಕ ಇದ್ದಂಗ," ಎಂದೆ.

"ಪಾಕ ಕೆಟ್ರ ಮತ್ತ ಮಾಡಬಹುದು. ಈ ಪುಡಿ ಖಾಲಿ ಆದ್ರ ಮತ್ತ ಎಂದು ಬರ್ತದೋ ಶಿವನೇ ಬಲ್ಲ."

ಸಾವಿರ ಡಿಗ್ರಿಯದು, ಹನ್ನೊಂದು ನೂರರದು ಅವಳೇ ದಸರಾಕ್ಕೆ ಮುಂಚೆ ಮುಗಿಸಿದ್ದಳು. ಹನ್ನೆರಡು ನೂರು, ಹದಿಮೂರು ನೂರು ನನ್ನ ಪಾಲಿಗೆ.

ಮೊದಲ ಸಲ ಕುಲುಮೆ ತುಂಬಿಸಿದ ದಿನ ಈಗಲೂ ನೆನಪಿದೆ. ಕುಲುಮೆ ಎಂದರೆ ಮೇಜಿನ ಮೇಲೆ, ಶಾಖದ ಅಂಕಿ ತೋರಿಸುವ ಒಂದು ಡಬ್ಬಿಯ ಪಕ್ಕ, ಕೂತ ಒಂದು ಪೆಟ್ಟಿಗೆ. ಅದರ ಹೊಟ್ಟೆಯನ್ನು ಅಡ್ಡ ಹಾಯ್ದು ಎರಡೂ ಕಡೆ ಚಾಚಿಕೊಂಡ ಒಂದು ಬಿಳಿ ಪಿಂಗಾಣಿ ನಳಿಗೆ. ಬಿಲ್ಲೆಗಳನ್ನು ದೋಣಿಯಾಕಾರದ ಸಣ್ಣ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಕೆಂಪು ಗುರುತು ನಳಿಗೆಯ ಬಾಯಿಗೆ ಬರುವವರೆಗೆ ಸಲಾಕೆಯಿಂದ ಒಳಗೆ ದೂಡಿದೆ. ಉಳಿದ ಚೂರುಪಾರು ಗಾಳಿಯನ್ನು ಹೀರಿಕೊಳ್ಳಲೆಂದು ಅವಳು ಹೇಳಿದಂತೆ ಟೈಟಾನಿಯಂ ಸ್ಪಂಜಿನ ಚೂರುಗಳನ್ನೂ ಇಟ್ಟೆ. ಎರಡೂ ತುದಿಗೆ ಮುಚ್ಚಳ ಬಿಗಿದು ಆರ್ಗಾನ್ ಬಿಟ್ಟದ್ದು ಅಟೆಂಡರ್ ಕಾಕಾ. ಖಟಕ ಚಿಂಚೋಳಿಯಿಂದ ದಿನಾ ಬಸ್ಸಿಗೆ ಬರುವವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು.

"ಅಂಜಬ್ಯಾಡ್ರಿ ಅಕ್ಕೋರೆ. ಇದು ಗ್ಯಾಸಿನ ಒಲಿಗಿಂತ ಶಾಣ್ಯಾ ಅದ. ಹೇಳಿದಷ್ಟೇ ಕಾಯ್ತದ."

ಮರುದಿನ ತಣ್ಣಗಾದ ಮೇಲೆ ದೋಣಿ ಎಳೆದೆ. ಬಿಲ್ಲೆಗಳು ಬೆಳ್ಳಗಿದ್ದವು. ಗಾಳಿ ಸೋರಿದ್ದರೆ ನೀಲಿಯೋ ಹಳದಿಯೋ ತಿರುಗಬೇಕಿತ್ತು. ಖುಷಿಯಿಂದ ಅವನ್ನು ದೋಣಿಯಲ್ಲಿ ಕೂತಿದ್ದ ಸಾಲಿನಲ್ಲೇ, ಹತ್ತಿ ಹಾಸಿದ ಬಳೆಯ ಪೆಟ್ಟಿಗೆಯಲ್ಲಿ ಇಟ್ಟೆ. ಹಾಗೆ ಸಾಲು ಕೆಡಿಸದೆ ಇಡಲು ಯಾರೂ ಹೇಳಿರಲಿಲ್ಲ. ರೊಟ್ಟಿ ಒಟ್ಟಿದ ಸಾಲಿನಲ್ಲೇ ತೆಗೆದು ಬಡಿಸುವವಳ ಚಾಳಿ ಅದು.

ಬಿಲ್ಲೆ ಎಷ್ಟು ಗಟ್ಟಿ ಕೂಡಿದೆ ಎಂದು ನೋಡಲು ಅದನ್ನು ಒಮ್ಮೆ ಒಣದಾಗಿ ತೂಗಬೇಕು, ಇನ್ನೊಮ್ಮೆ ದಾರ ಕಟ್ಟಿ ನೀರಿನೊಳಗೆ ಇಳಿಬಿಟ್ಟು ತೂಗಬೇಕು. ತೂತು ಹೊರಗೆ ತೆರೆದುಕೊಂಡಿದ್ದರೆ ನೀರಿಗೆ ಇಳಿದೊಡನೆ ಗುಳ್ಳೆ ಏಳುತ್ತವೆ. ಅವಳ ಸಾವಿರದ ಬಿಲ್ಲೆಯನ್ನು ರೂಢಿಗೆಂದು ನೀರಿಗೆ ಬಿಟ್ಟು ನೋಡಿದ್ದೆ, ಸೋಡಾದಂತೆ ಬುಸುಗುಟ್ಟಿತ್ತು. ಹನ್ನೊಂದು ನೂರರದು ಅಲ್ಲೊಂದು ಇಲ್ಲೊಂದು ಗುಳ್ಳೆ ಬಿಟ್ಟು ಸುಮ್ಮನಾಗಿತ್ತು. ಹನ್ನೆರಡು ನೂರರದು ಸುಮ್ಮನೇ ಇರಬೇಕಿತ್ತು.

ಅದು ಗುಳ್ಳೆ ಬಿಟ್ಟಿತು. ಹನ್ನೊಂದು ನೂರರದಕ್ಕಿಂತ ಹೆಚ್ಚು, ಮುತ್ತಿನ ಸರದಂತೆ ಒಂದರ ಹಿಂದೊಂದು.

ನೀರು ಬದಲಿಸಿದೆ. ದಾರ ಬದಲಿಸಿದೆ. ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಫ್ಯಾನು ಆರಿಸಿ ಮತ್ತೆ ತೂಗಿದೆ. ಅದೇ ಅಂಕಿ. ಆ ಸಂಜೆ ಬೀದರಿಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಹೊರಗೆ ಏನು ಕಂಡೆನೋ ಗೊತ್ತಿಲ್ಲ. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಎಲ್ಲಿ ತಪ್ಪಿದೆ? ಪುಡಿ ಬೆರೆಸುವುದರಲ್ಲೇ? ಒತ್ತುವುದರಲ್ಲೇ? ಅವಳು ನಂಬಿ ಕೊಟ್ಟ ಪುಡಿಯಲ್ಲಿ ಅರ್ಧ ಆಗಲೇ ಖರ್ಚಾಗಿತ್ತು.

ಮುಂದಿನ ಹಲವು ದಿನ ಬಿಲ್ಲೆ ತಿಕ್ಕುವ ಕೆಲಸ. ಒರಟು ಕಾಗದದಿಂದ ನುಣುಪು ಕಾಗದಕ್ಕೆ, ಪ್ರತಿ ಸಲ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ, ಹಿಂದಿನ ಗೀರು ಪೂರ್ತಿ ಹೋಗುವವರೆಗೆ. ಕಡೆಗೆ ಬಟ್ಟೆಯ ಮೇಲೆ ಕನ್ನಡಿಯಾಗುವವರೆಗೆ. ಬೆರಳ ತುದಿ ಸವೆದು ಫೋನು ನನ್ನ ಗುರುತು ಹಿಡಿಯುವುದನ್ನೇ ಬಿಟ್ಟಿತು. ಬೀದರಿನ ಇನ್ನೊಂದು ಕಾಲೇಜಿನಲ್ಲಿ ಒಳ್ಳೆಯ ಮೈಕ್ರೋಸ್ಕೋಪ್ ಇತ್ತು. ಒಳಗಿನ ಕಣಗಳು ಎದ್ದು ಕಾಣಲೆಂದು ಆಮ್ಲ ಹಚ್ಚುವುದನ್ನು ಅಲ್ಲಿಯವರೇ ಗಾಜಿನ ಗೂಡಿನಲ್ಲಿ ಮಾಡಿಕೊಡುತ್ತಿದ್ದರು. ಕಣ್ಣಿಟ್ಟು ನೋಡಿದರೆ, ಸೂಜಿಗಳು ಅಲ್ಲಲ್ಲಿ ಗಿಡ್ಡಗೆ, ನಡುವೆ ಕಪ್ಪು ಪುಡಿಯ ಕಣಗಳು ಕರಗದೆ ಹಾಗೇ ಕೂತಿದ್ದವು.

ಫೋನು ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ.

"ಗ್ಯಾಸ್ ಸೋರಿತ್ತೇನ್ರಿ?"

"ಬಿಲ್ಲೆ ಬೆಳ್ಳಗ ಅವ."

"ಕೆಂಪು ಗುರುತಿನತನಕ ದೂಡಿದ್ರಿ?"

"ಬರೋಬರಿ ಗುರುತಿಗಿ. ನನ್ನ ಮ್ಯಾಲ ಸಂಶಯ ಇದ್ರ ಖುಲ್ಲಾ ಹೇಳು."

"ಸಂಶಯ ಅಲ್ಲ ಅಕ್ಕಾ. ನನಗ ಕೂತಲ್ಲಿ ಕೂಡಲಕ ಆಗಲ್ದಂಗ ಆಗ್ಯದ."

ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು, ದನಿಯಲ್ಲಿ ಗೆಲುವಿತ್ತು. ಅವಳ ಮಾರ್ಗದರ್ಶಕರಿಗೆ ಅಂಕಿಗಳನ್ನು ಕಳಿಸಿದ್ದಳು. ಅವರು, ಹನ್ನೊಂದು ನೂರರಾಚೆ ಒಳಗಿನ ಅನಿಲ ಉಬ್ಬಿ ತೂತು ಹೆಚ್ಚಾಗಿರಬಹುದು, ಹಾಗಿದ್ದರೆ ಇದು ಹೊಸ ಮಾತು, ಪತ್ರಿಕೆಯವರು ಖುಷಿಪಡುತ್ತಾರೆ, ಬರೆ ಎಂದಿದ್ದರಂತೆ. ಆಗಲೇ ಒಂದು ಪ್ಯಾರಾ ಬರೆದು ಅವರಿಗೆ ಕಳಿಸಿಯೂ ಇದ್ದಳು. ಹದಿಮೂರು ನೂರು ಬೇಕಾಗಿಲ್ಲ, ಹನ್ನೊಂದು ನೂರೇ ಸರಿ ಎಂದು ಲೇಖನ ಮುಗಿಸಿದರಾಯಿತು.

ನಾನೂ ಹಗುರಾಗಬೇಕಿತ್ತು. ಆಗಲಿಲ್ಲ. ಬಳೆಯ ಪೆಟ್ಟಿಗೆ ತೆರೆದಾಗಲೆಲ್ಲ ಒಂದು ವಿಷಯ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡುತ್ತಿತ್ತು. ಸಾಲಿನ ಒಂದು ತುದಿಯ ಬಿಲ್ಲೆ, ಎಂದರೆ ದೋಣಿಯಲ್ಲಿ ಒಳಬದಿಗೆ ಕೂತಿದ್ದು, ಕಡಿಮೆ ಗುಳ್ಳೆ ಬಿಟ್ಟಿತ್ತು. ನಮ್ಮ ಬದಿಗೆ ಕೂತಿದ್ದದ್ದು ಹೆಚ್ಚು. ನಡುವಿನವು ನಡುವೆ. ಒಂದೇ ತವಾದ ರೊಟ್ಟಿ ಒಂದು ಅಂಚಿಗೆ ಬೆಂದು ಇನ್ನೊಂದು ಅಂಚಿಗೆ ಹಸಿ ಉಳಿದಂತೆ. ಅದನ್ನು ಹೇಳಿದೆ.

"ಅಕ್ಕಾ, ಈಗ ಬ್ಯಾಡ್ರಿ," ಎಂದಳು. ದನಿ ಒಣಗಿತ್ತು. "ಬಿಲ್ಲೆಗಿ ಬಿಲ್ಲೆಗಿ ಒಂದಿಷ್ಟು ಫರಕು ಇರ್ತದ. ನೀವು ಪಾಲಿಶ್ ಮುಗಿಸ್ರಿ, ಸಾಕು. ನನಗೂ ತಕಲೀಫ್ ಕೊಡಬ್ಯಾಡ್ರಿ, ನೀವೂ ತಗೋಬ್ಯಾಡ್ರಿ."

ಅವಳು ನನಗೆ ಹಾಗೆ ಎಂದೂ ಮಾತಾಡಿದವಳಲ್ಲ. ಕಾಲು ಬಾತು, ಬೆನ್ನು ನೋಯುವ ತಿಂಗಳು ಎಂದು ಸಮಾಧಾನ ಹೇಳಿಕೊಂಡೆ. ಆದರೂ ಮರುದಿನ ಭಾಲ್ಕಿಗೆ ಹೋದೆ. ಹೋಗಿ ಮಾಡುವುದೇನೂ ಇರಲಿಲ್ಲ. ಲ್ಯಾಬಿನಲ್ಲಿ ಆ ಕಡೆಯಿಂದ ಈ ಕಡೆ ಅಡ್ಡಾಡಿದೆ. ಕೈ ಸುಮ್ಮನಿರದೆ ಒದ್ದೆ ಬಟ್ಟೆ ತೆಗೆದುಕೊಂಡು ಕುಲುಮೆಯ ಧೂಳು ಒರೆಸತೊಡಗಿದೆ.

ನಳಿಗೆಯ ಮೇಲೆ, ನಮ್ಮ ಬದಿಗೆ ಚಾಚಿದ ಭಾಗದಲ್ಲಿ, ಒಂದು ಕಂದು ಬಣ್ಣದ ಉಂಗುರ ಕಂಡಿತು. ಒರೆಸಿದರೂ ಹೋಗಲಿಲ್ಲ. ಬಹಳ ದಿನ ಒಂದೇ ಕಡೆ ಬಿಸಿ ತಗುಲಿ ಸುಟ್ಟ ಕಲೆ. ಕುಲುಮೆಯ ಗೋಡೆಗೆ ನಳಿಗೆ ಸೇರುವಲ್ಲಿ ಉಣ್ಣೆಯಂಥ ಬಿಳಿ ಮೆತ್ತೆ ಸುತ್ತಿರುತ್ತದೆ, ಅದು ಒತ್ತಿ ಹಿಡಿದ ಕಡೆ ಬೀಳುವ ಕಲೆ. ಆದರೆ ಕಲೆ ಇಲ್ಲಿತ್ತು, ಗೋಡೆ ಅಲ್ಲಿತ್ತು. ಬೆರಳು ಚಾಚಿ ಅಳೆದೆ. ಒಂದು ಗೇಣು. ಮನೆಯಲ್ಲಿ ಅಲಮಾರಿ ಸರಿಸಿದಾಗ ಹಳೆಯ ಜಾಗದ ಗುರುತು ಗೋಡೆಯ ಮೇಲೆ ಉಳಿಯುತ್ತದಲ್ಲ, ಹಾಗೆ. ಉಂಗುರದ ಈಚೆಗೆ, ನಳಿಗೆಯ ಬಾಯಿಯ ಹತ್ತಿರ, ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿಕೊಂಡ ಒಂದು ನೂಲು.

"ಕಾಕಾ, ಈ ನಳಗಿ ಯಾರಾರ ಜಗ್ಗಿದ್ರೇನ್ರಿ?"

ಕಾಕಾ ಚಹಾದ ಲೋಟ ಕೆಳಗಿಟ್ಟು ಬಂದರು. "ಜಗ್ಗೋದೇನ್ರಿ ಅಕ್ಕೋರೆ. ಆಯುಧ ಪೂಜಿಗಿ ತೆಗದು ತೊಳದು ಒರಸಿ ಇಟ್ಟೇವಲ್ಲ. ಈ ಕಡಿ ಬರೀ ಚೋಟುದ್ದ ಇತ್ತು, ಹಾರ ಎಲ್ಲಿ ಹಾಕೋದು? ಜಾರಿ ಜಾರಿ ಬೀಳ್ಲತಿತ್ತು. ನಿಂಬಿಹಣ್ಣು ಬ್ಯಾರೆ ಕಟ್ಟಬೇಕು. ಅದಕ್ಕ ಜರಾ ಈ ಕಡಿ ಎಳದು ಇಟ್ಟೆ."

"ಪೂಜಿ ಆದ ಮ್ಯಾಲ ಹಿಂದಕ್ಕ ದೂಡ್ಲಿಲ್ಲ?"

"ದೇವ್ರಿಗಿ ಹಾಕಿದ ಹಾರ ತೆಗದೆ, ಮುಚ್ಚಳ ಬಿಗದೆ. ಯಾಕ್ರಿ, ಏನ್ ಆಯ್ತು? ಕುಲುಮಿ ಬರೋಬರಿ ಉರೀಲತ್ತದಲ್ಲ? ಡಬ್ಬಿ ಮ್ಯಾಲ ಹನ್ನೆರಡು ನೂರು ತೋರ್ಸಿತ್ತು, ನಾನೇ ನೋಡೀನಿ."

ನನಗೆ ನಗುವೂ ಬಂತು, ಎದೆಯೂ ಹೊಡೆದುಕೊಂಡಿತು. ಡಬ್ಬಿ ತೋರಿಸುವುದು ಕುಲುಮೆಯ ನಡುವಿನ ಶಾಖ. ಸಲಾಕೆಯ ಗುರುತು ಹಿಡಿಯುವುದು ನಳಿಗೆಯ ಬಾಯಿಯನ್ನು. ಬಾಯಿ ಒಂದು ಗೇಣು ಈಚೆಗೆ ಬಂದರೆ ದೋಣಿಯೂ ನಡುವಿನಿಂದ ಒಂದು ಗೇಣು ಈಚೆಗೆ, ತಂಪಿನ ಕಡೆಗೆ ಕೂತಿತ್ತು. ನಾನು ಕೆಂಪು ಗುರುತನ್ನು ಎಷ್ಟು ನಿಷ್ಠೆಯಿಂದ ಹಿಡಿದೆನೋ ಅಷ್ಟು ನಿಷ್ಠೆಯಿಂದ ತಪ್ಪು ಜಾಗದಲ್ಲಿ ಇಟ್ಟಿದ್ದೆ.

ಕಾಕಾ ಮುಖ ಸಣ್ಣದು ಮಾಡಿಕೊಂಡರು. "ತಡೀರಿ, ಈಗೇ ದೂಡಿಬಿಡ್ತೇನಿ," ಎಂದು ಮುಚ್ಚಳ ಸಡಿಲಿಸಲು ಹೊರಟರು. ನಾನು ಅಷ್ಟರಲ್ಲಿ ಔರಾದಿಗೆ ಫೋನು ಹಚ್ಚಿದ್ದೆ. ಎಲ್ಲ ಕೇಳಿದವಳು ಒಮ್ಮೆಲೇ ಕೂಗಿದಳು:

"ಮುಟ್ಟಬ್ಯಾಡ್ರಿ! ನಳಗಿ ಯಾರೂ ಮುಟ್ಟಬ್ಯಾಡ್ರಿ! ಕಾಕಾನ ಕೈ ಹಿಡೀರಿ ಅಕ್ಕಾ!"

ಕಾಕಾನ ಕೈ ನಾನು ಹಿಡಿಯಬೇಕಾಗಲಿಲ್ಲ. ಫೋನಿನ ದನಿಗೇ ಅವರು ಎರಡು ಹೆಜ್ಜೆ ಹಿಂದೆ ಸರಿದಿದ್ದರು.

ಮರುದಿನ ಬೆಳಿಗ್ಗೆ ಬಳೆಯ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಔರಾದಿನ ಬಸ್ಸು ಹತ್ತಿದೆ. ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಬಾಗಿಲಲ್ಲೇ ಅವಳ ತಾಯಿ ನನ್ನ ಪೆಟ್ಟಿಗೆ ನೋಡಿ ಬಳೆ ಎಂದುಕೊಂಡು ಮುಖ ಅರಳಿಸಿದರು. ತೆರೆದ ಮೇಲೆ, "ಅಯ್ ಶಿವನೇ, ದಿನ ತುಂಬಿದ ಬಸುರಿಗಿ ಕಬ್ಬಿಣದ ಗುಳಿಗಿ ತಂದೀರೇನವ್ವಾ?" ಎಂದು ಬೈದು, ಚುರುಮುರಿಯ ಸೂಸ್ಲಾ ಮಾಡಲು ಒಳಗೆ ಹೋದರು.

ಅವಳು ಮಂಚದ ಮೇಲೆ ದಿಂಬಿಗೆ ಬೆನ್ನು ಆನಿಸಿಕೊಂಡು ಕೂತಿದ್ದಳು. ಸಾಲಿನ ಎರಡು ತುದಿಯ ಬಿಲ್ಲೆಗಳನ್ನು ಎತ್ತಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ತಿರುಗಿಸಿದಳು.

"ಸರ್‌ಗೆ ಆ ಪ್ಯಾರಾ ಭಾಳ ಮನಸಿಗಿ ಬಂದದ," ಎಂದಳು. "ನಾಳಿಗಿ ಪತ್ರಿಕಿಗಿ ಕಳಸಂತ ಹೇಳ್ಯಾರ. ಕಳಸಿದ್ರ ಮುಗೀತದ ಅಕ್ಕಾ. ಹೆರಿಗಿ ಮುಂಚೇನೇ ಮುಗೀತದ."

ನಾನು ಪೆಟ್ಟಿಗೆಯೊಳಗಿನ ಹತ್ತಿ ಸರಿಪಡಿಸಿದೆ. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಒಳಗೆ ಒಗ್ಗರಣೆಗೆ ಸಾಸಿವೆ ಸಿಡಿಯಿತು.

"ಹಾರದ ಸುದ್ದಿ ನಿಮಗ, ನನಗ, ಕಾಕಾಗ ಅಷ್ಟೇ ಗೊತ್ತು," ಎಂದಳು ಮತ್ತೆ.

"ಹೌದು."

"ಏನಾರ ಅನ್ರಿ ಅಕ್ಕಾ. ಹಿಂಗ ಕುಂತ್ರ ನನಗ ಇನ್ನಾ ಸಂಕಟ ಆಗ್ತದ."

"ನೀ ಪಾಲಿಶ್ ಮಾಡು ಸಾಕು ಅಂದಿದ್ದಿ. ಪಾಲಿಶ್ ಮಾಡ್ಕೊಂಡು ಬಂದೀನಿ," ಎಂದೆ. ಬೇಕೆಂದೇ ಚುಚ್ಚಿದೆ. ಅವಳ ಕಣ್ಣಲ್ಲಿ ನೀರು ಬಂತು, ಹಿಂದೆಯೇ ನಗುವೂ ಬಂತು.

"ಇದನ್ನ ಓದಿದವರು ತಮ್ಮ ಪುಡಿ ಹನ್ನೊಂದು ನೂರಕ್ಕೇ ನಿಲ್ಲಿಸಿಬಿಡ್ತಾರ," ಎಂದಳು ಕಡೆಗೆ, ಬಿಲ್ಲೆಯನ್ನು ನೋಡುತ್ತ. "ಆಚಿ ಕಡಿ ಕೆಡ್ತದಂತ ಅಂಜಿ ಹೋಗೋದೇ ಇಲ್ಲ. ಕೆಡಿಸಿದ್ದು ಚೆಂಡುಹೂವಿನ ಹಾರ." ಫೋನು ಎತ್ತಿ ಅಲ್ಲೇ, ನನ್ನೆದುರೇ ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಬೇಸರದ ಒಂದು ಉಸಿರು ಕೇಳಿತು. ಬೈಗುಳ ಬರಲಿಲ್ಲ. ಗಡುವು ಮಾತ್ರ ನಿನ್ನದೇ ಹೊಣೆ ಎಂದರು.

ಆಮೇಲೆ ಅವಳು ದಿಂಬು ಸರಿಸಿ ನೆಟ್ಟಗೆ ಕೂತು, ಮುಂದಿನ ಕೆಲಸ ಹೇಳಿದಳು. ನಳಿಗೆಯನ್ನು ಸರಿಪಡಿಸುವ ಮುಂಚೆ, ಈಗಿರುವಂತೆಯೇ ಕುಲುಮೆಯನ್ನು ಖಾಲಿಯಾಗಿ ಹನ್ನೆರಡು ನೂರಕ್ಕೆ ಕಾಯಿಸಬೇಕು. ಶಾಖ ಅಳೆಯುವ ಇನ್ನೊಂದು ಉದ್ದನೆಯ ತಂತಿಯನ್ನು ಒಳಗೆ ಬಿಟ್ಟು, ದೋಣಿ ಕೂತಿದ್ದ ಜಾಗದಲ್ಲಿ, ಒಂದೊಂದು ಬಿಲ್ಲೆ ಕೂತಿದ್ದ ಕಡೆ, ನಿಜವಾಗಿ ಎಷ್ಟಿದೆ ಎಂದು ನೋಡಬೇಕು. ನಳಿಗೆ ಆಗಲೇ ಹಿಂದಕ್ಕೆ ಹೋಗಿದ್ದರೆ ಆ ಜಾಗ ಎಲ್ಲಿತ್ತೆಂದು ಯಾರಿಗೂ ನಿಖರವಾಗಿ ತಿಳಿಯುತ್ತಿರಲಿಲ್ಲ.

"ಬಿಲ್ಲೆ ಕೆಟ್ಟಿಲ್ಲ ಅಕ್ಕಾ. ಹನ್ನೆರಡು ನೂರು ಅನ್ನೋ ಅದರ ಹೆಸರು ಕೆಟ್ಟದ. ಖರೆ ಶಾಖ ಎಷ್ಟಂತ ಸಿಕ್ರ ಅವನ್ನೂ ಲೇಖನದಾಗ ಕೂಡ್ಸಬಹುದು."

ಆ ಅಳತೆಗೆ ಒಂದಿಡೀ ದಿನ ಹಿಡಿಯಿತು. ಒಂದು ಜಾಗದಲ್ಲಿ ಅಂಕಿ ನಿಲ್ಲುವವರೆಗೆ ಕಾಯುವುದು, ಬೆರಳಗಲ ಸರಿಸುವುದು, ಮತ್ತೆ ಕಾಯುವುದು. ಕಾಕಾ ಸ್ಟೂಲಿನ ಮೇಲೆ ಕೂತು ಒಂದೊಂದು ಅಂಕಿಯನ್ನೂ ಹರಾಜು ಕೂಗಿದಂತೆ ಕೂಗಿದರು. ಡಬ್ಬಿ ಹನ್ನೆರಡು ನೂರು ತೋರಿಸುವಾಗ ನನ್ನ ಒಳತುದಿಯ ಬಿಲ್ಲೆ ಕೂತಿದ್ದ ಕಡೆ ಹನ್ನೊಂದು ನೂರೂ ಇರಲಿಲ್ಲ. ಈಚೆ ತುದಿಯದು ಅದಕ್ಕಿಂತಲೂ ತಂಪು, ಸಾವಿರಕ್ಕೆ ತುಸು ಮೇಲೆ. ಅಂಕಿಗಳನ್ನು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಗ್ರಾಫಿನ ಚಿತ್ರ ಬಂತು. ಅವಳ ಸಾವಿರದ್ದಕ್ಕೂ ಹನ್ನೊಂದು ನೂರರದಕ್ಕೂ ನಡುವಿನ ಗೆರೆಯ ಮೇಲೆ ನನ್ನ ಬಿಲ್ಲೆಗಳೆಲ್ಲ ಒಂದರ ಪಕ್ಕ ಒಂದು, ಶಾಲೆಯ ಪ್ರಾರ್ಥನೆಗೆ ನಿಂತ ಹುಡುಗಿಯರಂತೆ ಸಾಲಾಗಿ ನಿಂತಿದ್ದವು.

ಉಳಿದ ಪುಡಿ ಒಂದೇ ಸಲಕ್ಕೆ ಸಾಲುವಷ್ಟು. ಹನ್ನೆರಡು ನೂರೋ, ಹದಿಮೂರು ನೂರೋ? ಹದಿಮೂರು ನೂರು ಕೈಬಿಡುವುದು ಅವಳಿಗೆ ಕಷ್ಟವಾಯಿತು, ಗೊತ್ತಾಗುತ್ತಿತ್ತು. "ಗೊತ್ತಿಲ್ಲ ಅಂತ ಬರೀತೇನಿ," ಎಂದಳು. "ಮೊದಲು ಹನ್ನೆರಡು ನೂರು ಖರೆ ಆಗ್ಲಿ."

ಕಾಕಾ ನಳಿಗೆಯನ್ನು ಹಿಂದಕ್ಕೆ ದೂಡಿದರು. ಕಂದು ಉಂಗುರ ಮೆತ್ತೆಯ ಕೆಳಗೆ ಹೋಗಿ ಮರೆಯಾಯಿತು. ಅದು ಮರೆಯಾದರೆ ಮುಂದೆ ನಳಿಗೆ ಸರಿದದ್ದು ಹೇಗೆ ತಿಳಿಯಬೇಕು ಎಂದು ನಾನು ಯೋಚಿಸುತ್ತಿರುವಾಗ, ಅವರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ತುಸು ನೀರಿನಲ್ಲಿ ತೇಯ್ದು, ನಳಿಗೆ ಗೋಡೆಯನ್ನು ಸೇರುವಲ್ಲೇ ಮೂರು ಬೆರಳು ಎಳೆದರು. ಆ ಕಡೆಯೂ ಹಾಗೇ.

"ಗೆರಿ ಗೋಡಿ ಬಿಟ್ಟು ಹೊರಗ ಬಂತಂದ್ರ ನಳಗಿ ಸರದದ ಅಂತ ತಿಳೀರಿ. ಮುಂದಿನ ವರ್ಷ ಹಾರ ಡಬ್ಬಿಗಿ ಹಾಕ್ತೇನಿ, ನಿಂಬಿಹಣ್ಣು ಬಾಗಿಲಿಗಿ."

"ವಿಭೂತಿ ಅಳಿಸಿದ್ರ?"

"ದಿನಾ ಹಚ್ಕೊಳ್ಳೋರಿಗಿ ಅದೇನ್ ಹೊಸದ್ರಿ? ಇದಕ್ಕೂ ದಿನಾ ಹಚ್ಚೋಣ."

ಕಡೆಯ ಸಲ ಕೆಂಪು ಗುರುತಿಗೆ ದೂಡುವ ಮುಂಚೆ ವಿಭೂತಿಯ ಗೆರೆಯನ್ನು ಎರಡು ಸಲ ನೋಡಿಕೊಂಡೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ದೋಣಿ ಎಳೆದೆ. ಬೆಳ್ಳಗಿನ ಬಿಲ್ಲೆಗಳು, ಮೊದಲಿನವಕ್ಕಿಂತ ಕಣ್ಣಿಗೇ ಕಾಣುವಷ್ಟು ಕುಗ್ಗಿದ್ದವು. ಮೈಕ್ರೋಸ್ಕೋಪಿನವರೆಗೆ ಕಾಯುವ ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ಫೋನನ್ನು ತಕ್ಕಡಿಯ ಪಕ್ಕ ಲೋಟಕ್ಕೆ ಆನಿಸಿ ವಿಡಿಯೋ ಹಚ್ಚಿದೆ. ಪರದೆಯಲ್ಲಿ ಅವಳ ಮುಖ, ಹಿಂದೆ ಅವಳ ತಾಯಿಯ ಸೆರಗು.

ಹಿಂದಿನ ಸಲ ಎಲ್ಲಕ್ಕಿಂತ ಹೆಚ್ಚು ಗುಳ್ಳೆ ಬಂದಿದ್ದ ಈಚೆ ತುದಿಯ ಬಿಲ್ಲೆಗೇ ದಾರ ಕಟ್ಟಿ ನೀರಿಗೆ ಇಳಿಬಿಟ್ಟೆ.

"ಗುಳ್ಳಿ?" ಎಂದಳು.

"ಇಲ್ಲ."

"ಇನ್ನಾ ನೋಡ್ರಿ."

ನೋಡಿದೆ. ನೀರಿನಲ್ಲಿ ಕಿಟಕಿಯ ಬೆಳಕು, ಅದರ ನಡುವೆ ತೂಗಾಡಿ ತೂಗಾಡಿ ನಿಂತ ಬಿಲ್ಲೆ. ಪರದೆಯಲ್ಲಿ ಅವಳ ಮುಖ ಇನ್ನೂ ಹತ್ತಿರ ಬಂತು. ಕಾಕಾ ನನ್ನ ಹೆಗಲ ಮೇಲಿಂದ ಬಗ್ಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಏನೂ ಆಗ್ಲಿಲ್ಲಲ್ರಿ ಅಕ್ಕೋರೆ?" ಎಂದರು ಕಡೆಗೆ, ಅಳುಕುತ್ತ.

"ಹೌದು ಕಾಕಾ," ಎಂದೆ, "ಏನೂ ಆಗಲಿಲ್ಲ."